ಕೀವರ್ಡ್ ಮಾಣಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಪ್ರತಿ ನೆಂಟಸ್ತಿಕೆಯಲ್ಲೂ ಈಗ ಒಬ್ಬ ಕೀವರ್ಡ್ ಮಾಣಿ ಇದ್ದೇ ಇರುತ್ತಾನೆ. ಬೆಂಗಳೂರಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್ ಮುಗಿಸಿ, ಲ್ಯಾಪ್‌ಟಾಪ್ ಹೆಗಲಿಗೇರಿಸಿ ಊರಿಗೆ ಬಂದವನು. ಗೇರುಬೀಜದ ಕಾರ್ಖಾನೆಯಿರಲಿ, ಯಕ್ಷಗಾನದ ವೇಷ ಬಾಡಿಗೆಗೆ ಕೊಡುವವರಿರಲಿ, ಅವನ ಮೊದಲ ಪ್ರಶ್ನೆ ಒಂದೇ: "ಗೂಗಲ್‌ನಲ್ಲಿ ನೀವು ಎಷ್ಟನೇ ಪುಟ?" ಉತ್ತರ ಗೊತ್ತಿಲ್ಲದವರು ಸಿಕ್ಕಿಬಿದ್ದ ಹಾಗೇ.

ನಮ್ಮ ಪಾಲಿನ ಮಾಣಿ ಅಕ್ಕನ ಮಗ. ಮರವಂತೆಯಲ್ಲಿ ಅಕ್ಕನದೊಂದು ಹೋಂಸ್ಟೇ ಇದೆ. ಆಚೆ ಸಮುದ್ರ, ಈಚೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ವೆಬ್‌ಸೈಟಿನಲ್ಲಿ ಇಷ್ಟು ಬರೆದಿದ್ದರೆ ಸಾಕಿತ್ತು. ಅವನು ಬರೆದದ್ದು: "ಮರವಂತೆ ಬೀಚ್ ಹೋಂಸ್ಟೇ ಹುಡುಕುತ್ತಿದ್ದೀರಾ? ನಮ್ಮ ಮರವಂತೆ ಬೀಚ್ ಹೋಂಸ್ಟೇ ಮರವಂತೆ ಬೀಚ್ ಹೋಂಸ್ಟೇಗಳಲ್ಲೇ ಉತ್ತಮ ಮರವಂತೆ ಬೀಚ್ ಹೋಂಸ್ಟೇ." ಓದಿ ಮುಗಿಸುವಷ್ಟರಲ್ಲಿ ನನಗೆ ಏದುಸಿರು. ಪುಟದ ಬುಡದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಗೋವಾ, ಗೋಕರ್ಣ, ಮುರುಡೇಶ್ವರ, ಊಟಿಗಳೂ ಅಡಗಿ ಕೂತಿದ್ದವು. ಊಟಿ ಯಾಕಪ್ಪಾ ಎಂದರೆ, "ಹುಡುಕುವವ್ರ್ ಜಾಸ್ತಿ ಮಾವ. ನಿಮ್ಗ್ ಗೊತ್ತಾತಿಲ್ಲ."

ನನಗೆ ಗೊತ್ತಾಗುವುದಿಲ್ಲ, ನಿಜ. ಪಾಸ್‌ವರ್ಡನ್ನು ಪಂಚಾಂಗದ ಹಿಂದೆ ಬರೆದಿಟ್ಟುಕೊಳ್ಳುವ ಪೀಳಿಗೆ ನನ್ನದು. ಆದರೆ ಗೂಗಲಿಗೆ ಗೊತ್ತಾಗುತ್ತದೆ. ಕೀವರ್ಡ್ ತುರುಕುವುದೂ ಅಕ್ಷರ ಅಡಗಿಸುವುದೂ ಅದರ ನಿಯಮದ ಪ್ರಕಾರ ಸ್ಪ್ಯಾಮ್. ಸಿಕ್ಕಿಬಿದ್ದ ಪುಟ ಹಿಂದಕ್ಕೆ ಬೀಳುತ್ತದೆ, ಇಲ್ಲವೇ ಕಾಣೆಯೇ ಆಗುತ್ತದೆ. ಪುಟದ ಕೋಡಿನೊಳಗೆ ಮಾಣಿ ನಿದ್ದೆಗೆಟ್ಟು ತುಂಬಿಸುತ್ತಿದ್ದ 'ಮೆಟಾ ಕೀವರ್ಡ್ಸ್' ಟ್ಯಾಗನ್ನಂತೂ ರ‍್ಯಾಂಕಿಂಗಿಗೆ ತಾನು ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಸಾರಿದೆ. ಆಗ ಮಾಣಿಗೆ ಮಗ್ಗಿಯೂ ಬರುತ್ತಿರಲಿಲ್ಲ.

ಮಾತಿನಲ್ಲೂ ಅದೇ ಚಾಳಿ. ಮೀನು ಸಾರು ಬಡಿಸಿದರೆ "ಬೆಸ್ಟ್ ಫಿಶ್ ಕರಿ ನಿಯರ್ ಮಿ" ಎನ್ನುತ್ತಾನೆ. ನಗುವ ಹಾಗೂ ಇಲ್ಲ, ನ್ಯೂಯಾರ್ಕಿನಲ್ಲಿ 'ಥಾಯ್ ಫುಡ್ ನಿಯರ್ ಮಿ' ಎಂದೇ ಹೆಸರಿಟ್ಟು ಹೋಟೆಲು ತೆರೆದವರಿದ್ದಾರೆ.

ದಾರಿ ತೋರಿಸಿದವಳು ಅಕ್ಕ. ಪುಟವನ್ನು ಓದಿಸಿ ಕೇಳಿ, "ಎಂತಾ ಮಾಣಿ, ಇದನ್ನ್ ಓದ್ರೆ ಜನ ಬತ್ರೋ, ಓಡ್ತ್ರೋ?" ಎಂದಳು. ಆಮೇಲೆ ಜನ ಫೋನಿನಲ್ಲಿ ಕೇಳುವುದನ್ನೆಲ್ಲ ಒಂದೊಂದಾಗಿ ಹೇಳಿದಳು: ಕೊಲ್ಲೂರಿಗೆ ಎಷ್ಟು ದೂರ? ಬಸ್ಸು ನಿಲ್ಲಿಸಲು ಜಾಗ ಇದೆಯಾ? ಮೀನೂಟ ಸಿಗುತ್ತದಾ? ಮಳೆಗಾಲದಲ್ಲಿ ಸಮುದ್ರಕ್ಕಿಳಿಯಬಹುದಾ? ಕೀವರ್ಡ್ ಎಂದರೆ ಇವೇ. ಒಂದೊಂದು ಪ್ರಶ್ನೆಯೂ ಒಂದು ತಲೆಬರಹ, ಅದರ ಕೆಳಗೆ ನೇರ ಉತ್ತರ. ಮಾಣಿ ಬಾಯಿ ಮುಚ್ಚಿಕೊಂಡು ಟೈಪ್ ಮಾಡಿದ. ಕೊಲ್ಲೂರಿಗೆ ಮಲಯಾಳಿಗಳು ಬಹಳ ಬರುತ್ತಾರಲ್ಲ ಎಂದು ಮಲಯಾಳದಲ್ಲೂ ಒಂದು ಪುಟ ಸೇರಿಸಿದ. ಅದು ಮಾತ್ರ ಅವನದೇ ಬುದ್ಧಿ, ಒಪ್ಪಬೇಕಾದ್ದೇ.

ಅವನನ್ನು ಬೈಯುವುದು ಸುಲಭ. ಆದರೆ ಅವನ ಓರಗೆಯವರೆಲ್ಲ ಬೆಂಗಳೂರು, ಮುಂಬಯಿ ಹುಡುಕಿಕೊಂಡು ಹೋದರು. ಜಗತ್ತೇ ನಮ್ಮೂರನ್ನು ಹುಡುಕಿಕೊಂಡು ಬರಲಿ ಎಂದು ಹಟ ಹಿಡಿದು ಕೂತವನು ಇವನೊಬ್ಬ.

ಒಂದೇ ಮಾತನ್ನು ಹತ್ತು ಸಲ ತುರುಕದೆ ಹೆಸರು ಮಾಡಿದವರೂ ನಮ್ಮ ಕಡೆ ಇದ್ದಾರೆ. ಸಾಲಿಗ್ರಾಮದ ಪಕ್ಕದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲು ಮುಂದೆ 'ಮಾವಳ್ಳಿ ಟಿಫಿನ್ ರೂಮ್ಸ್' ಆಯಿತು. ಎಲ್ಲಿ, ಏನು ಎಂಬುದೆರಡೂ ಹೆಸರಿನಲ್ಲೇ ಇವೆ, ಒಂದೊಂದೇ ಸಲ. ಉಳಿದದ್ದನ್ನು ರವೆ ಇಡ್ಲಿ ನೋಡಿಕೊಂಡಿತು. ವೆಬ್‌ಸೈಟ್ ಮಾಡಿಸುವವರೇ, ನೀವೂ ಅಷ್ಟೇ ಬರೆಸಿ. ಮಾಣಿಯ ದುಡ್ಡು ಮಾತ್ರ ಬಾಕಿ ಇಡಬೇಡಿ.