ಯೋಜನಾ ಮೀನುಗಾರ: ಒಂದು ವಿವೇಚನೆ

ಬೆಳಗಾವಿ ಮತ್ತು ಖಾನಾಪುರದ ಸೀಮೆಯಲ್ಲಿ ಸಿಹಿನೀರಿನ ಮೀನನ್ನು ಬಲೆಯಿಂದ ಹಿಡಿದು ಮಾರುವವರು, ಹವ್ಯಾಸಕ್ಕಾಗಿ ಗಾಳ ಹಾಕಿ ಕೂರುವವರು ಎಂಬ ಎರಡು ವರ್ಗಗಳು ಎಲ್ಲರಿಗೂ ಪರಿಚಿತವಾಗಿದ್ದು, ಮೂರನೆಯದೊಂದು ವರ್ಗ ಮಾತ್ರ ಇನ್ನೂ ವಿದ್ವಾಂಸರ ಕಣ್ಣಿಗೆ ಬಿದ್ದಂತಿಲ್ಲ. ಮೀನು ಹಿಡಿಯಲು ಹೋಗುವುದನ್ನು ಯೋಜಿಸುವುದೇ ಈ ವರ್ಗದ ಕಸುಬಾದ್ದರಿಂದ, ಇಲ್ಲಿ ಇದಕ್ಕೆ ‘ಯೋಜನಾ ಮೀನುಗಾರ’ ಎಂಬ ಹೆಸರಿಡಲಾಗಿದೆ. ಈತ ಸಾಮಾನ್ಯವಾಗಿ ಐವತ್ತು ದಾಟಿದವನು, ಬೆಳಗಾವಿಯ ಟಿಳಕವಾಡಿಯ ಕಡೆ ಮನೆಯುಳ್ಳವನು, ಖಾನಾಪುರ ತಾಲೂಕಿನಲ್ಲಿ ಸೋದರಮಾವನ ಊರಿರುವವನು. ಈತನ ಅಟ್ಟದ ಮೇಲೆ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಗಾಳದ ಕೋಲುಗಳಿದ್ದು, ಅವುಗಳ ಬೆಲೆಯನ್ನು ಮನೆಯವರಿಗೆ ಅರ್ಧಕ್ಕಿಳಿಸಿ ಹೇಳಲಾಗಿರುತ್ತದೆ.

ಈ ವರ್ಗದ ಮುಖ್ಯ ಲಕ್ಷಣ ದಿನ ಗೊತ್ತುಮಾಡುವ ಸಭೆ. ಸೋಮವಾರ, ಗುರುವಾರ, ಶನಿವಾರ ಮನೆಯಲ್ಲಿ ಮೀನು ಒಲೆ ಏರದು. ಸಂಕಷ್ಟಿ, ಏಕಾದಶಿಗಳು ಉಳಿದ ವಾರಗಳಲ್ಲಿಯೂ ಬಂದು ಕೂರುತ್ತವೆ. ಜೂನ್ ಮತ್ತು ಜುಲೈಯಲ್ಲಿ ಮಳೆಯೂ ಹೌದು, ಮೀನು ಮೊಟ್ಟೆಯಿಡುವ ಕಾಲವೂ ಹೌದು, ಆದ್ದರಿಂದ ಆಗ ಹಿಡಿಯುವುದು ಪಾಪ. ಆಮೇಲೆ ಶ್ರಾವಣ, ಅದರ ಬೆನ್ನಿಗೆ ಇಡೀ ಬೆಳಗಾವಿಯನ್ನು ಮಂಟಪಗಳಲ್ಲಿ ಕೂಡಿಹಾಕುವ ಗಣೇಶೋತ್ಸವ, ಪಿತೃಪಕ್ಷ, ನವರಾತ್ರಿ. ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗೆ ಮುಗಿದು ಉಸಿರು ಬಿಡುವಷ್ಟರಲ್ಲಿ, 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ಹತ್ತಿರವಾಗಿ, ತಂಡದಲ್ಲಿರುವ ಸರ್ಕಾರಿ ನೌಕರರಿಗೆ ರಜೆ ಸಿಗದಂತಾಗುತ್ತದೆ. ಅಲ್ಲಿಂದ ಮುಂದೆ ಸವದತ್ತಿ ಯಲ್ಲಮ್ಮನ ಜಾತ್ರೆ, ಮಕ್ಕಳ ಪರೀಕ್ಷೆ, ಮದುವೆಗಳು. ಮೇ ತಿಂಗಳಲ್ಲಿ ಎಲ್ಲರಿಗೂ ಬಿಡುವಾದರೆ ಕೆರೆಯಲ್ಲಿ ನೀರಿರುವುದಿಲ್ಲ. ಇಷ್ಟೆಲ್ಲ ಸೋಸಿದ ಮೇಲೆ ಜರಡಿಯಲ್ಲಿ ಉಳಿಯುವುದು ನವೆಂಬರ್ ನಡುವಿನ ಒಂದು ಬುಧವಾರ. “ಬುಧವಾರ ಪಕ್ಕಾ ಅಂದ್ರ ಪಕ್ಕಾ ರೀ” ಎಂದು ಎದೆ ತಟ್ಟಿ ಹೇಳಿದವನೇ ಮಂಗಳವಾರ ರಾತ್ರಿ ಹತ್ತಕ್ಕೆ ಫೋನ್ ಮಾಡಿ, “ಈ ಸಲ ಬ್ಯಾಡ್ರೀ, ನೀರು ಇನ್ನೂ ತಿಳಿ ಆಗಿಲ್ಲ” ಎನ್ನುತ್ತಾನೆ. ಎರೆಹುಳು ಸಂಗ್ರಹಿಸುವ ಹೊಣೆ ಹೊತ್ತ ಸದಸ್ಯ, ಅಂದರೆ ಈ ಟಿಪ್ಪಣಿಯ ಕರ್ತೃ, ಅಗೆದು ತಂದ ಹುಳುಗಳನ್ನು ಪ್ರತಿ ಬಾರಿಯೂ ಹೂಕುಂಡಗಳಿಗೆ ಬಿಡುತ್ತ ಬಂದಿದ್ದು, ಮೀನು ಕಾಣದ ಆ ಮನೆಯ ಗುಲಾಬಿ ಗಿಡಗಳು ಬೀದಿಯವರ ಮೆಚ್ಚುಗೆ ಗಳಿಸಿವೆ.

ಸ್ಥಳದ ಆಯ್ಕೆಯೂ ಇಷ್ಟೇ ಜಟಿಲ. ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯ ನಗರಕ್ಕೆ ಕುಡಿಯುವ ನೀರು ಕೊಡುವುದರಿಂದ ಅಲ್ಲಿ ಗಾಳ ಹಾಕುವ ಮಾತಿಲ್ಲ. ಆದರೂ ಅದರ ನೀರಿನ ಮಟ್ಟ 2475 ಅಡಿಯ ತುಂಬು ಗುರುತಿಗೆ ಎಷ್ಟು ಕಡಿಮೆಯಿದೆ ಎಂಬುದನ್ನು ಯೋಜನಾ ಮೀನುಗಾರ ಮಳೆಗಾಲದುದ್ದಕ್ಕೂ ಪತ್ರಿಕೆಯಲ್ಲಿ ನೋಡಿ, ಕೇಳದವರಿಗೂ ತಿಳಿಸುತ್ತಾನೆ. ಮಹದಾಯಿಯ ಮೂಲವಿರುವ ಭೀಮಗಡದ ಕಾಡು 2011ರಲ್ಲಿ ವನ್ಯಜೀವಿಧಾಮವಾಗಿದ್ದು, ಅಲ್ಲಿ ಮೀನಿಗೂ ಕಾನೂನಿನ ರಕ್ಷಣೆಯಿದೆ. ಉಳಿದವು ಊರ ಕೆರೆಗಳು; ಇವುಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆಯಾಗಲಿ ಗ್ರಾಮ ಪಂಚಾಯತಿಯಾಗಲಿ ಗುತ್ತಿಗೆಗೆ ಕೊಟ್ಟಿರುವುದರಿಂದ ಗುತ್ತಿಗೆದಾರನನ್ನು ಕೇಳಬೇಕು, ಕೇಳಲು ಖಾನಾಪುರಕ್ಕೆ ಹೋಗಬೇಕು, ಹೋದ ಮೇಲೆ ಚಹಾ ಕುಡಿಯಬೇಕು. ಈ ಚಹಾದ ಪ್ರಯಾಣವನ್ನೇ ಈತ ಮುಂದೆ ‘ಆವತ್ತು ಕೆರೀಗೆ ಹೋದಾಗ’ ಎಂದು ವರ್ಣಿಸುವುದು.

ಸಲಕರಣೆಯ ಚರ್ಚೆಯನ್ನು ಸಂಕ್ಷಿಪ್ತವಾಗಿ ಹೇಳಬಹುದು. ಕಟ್ಲಾ ಮೀನು ನೀರಿನ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಆದ್ದರಿಂದ ಬೆಂಡನ್ನು, ಅಂದರೆ ದಾರಕ್ಕೆ ಕಟ್ಟಿ ತೇಲಬಿಡುವ, ಮೀನು ಎಳೆದೊಡನೆ ಮುಳುಗುವ ಹಗುರ ತುಂಡನ್ನು, ಗಾಳದಿಂದ ಎಷ್ಟು ದೂರದಲ್ಲಿ ಕಟ್ಟಬೇಕೆಂಬ ಪ್ರಶ್ನೆಯ ಮೇಲೆ ತಂಡ ಮೂರಾಗಿ ಒಡೆದು, ಇಬ್ಬರು ಇನ್ನೂ ಮಾತು ಬಿಟ್ಟಿದ್ದಾರೆ. ಹಿಡಿದ ಮೀನನ್ನು ಯಾರ ಮನೆಯಲ್ಲಿ ಬೇಯಿಸುವುದೆಂಬುದು ಇನ್ನೂ ಕಠಿಣ, ಏಕೆಂದರೆ ಸಮುದ್ರದ ಬಂಗಡೆಗೆ ಒಗ್ಗಿದ ಹೆಂಗಸರು ಕೆರೆ ಮೀನಿಗೆ ಕೆಸರು ವಾಸನೆ ಎಂದು ಮೊದಲೇ ತೀರ್ಪು ಕೊಟ್ಟಿರುತ್ತಾರೆ.

ಈ ವರ್ಗವನ್ನು ಆಧುನಿಕ ಕಾಲದ ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ತನ್ನ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವನ್ನೇ ಇಟ್ಟು, ಸಮುದ್ರದ ಮತ್ತು ನದಿಯ ಮೀನುಗಳನ್ನು ಬೇರ್ಪಡಿಸಿ, ಅವುಗಳಿಗೆ ಹಾಕಬೇಕಾದ ಆಹಾರವನ್ನು ವಿವರಿಸಿದ್ದಾನೆ. ಇಷ್ಟು ಪೂರ್ವಸಿದ್ಧತೆ ಬರೆದವನಿಗೆ ನೀರಿನ ಬಳಿ ಕೂರಲು ಬಿಡುವೆಷ್ಟಿತ್ತೆಂಬ ಸಂಶಯ ಸಹಜ; ಆದರೆ ರಾಜನಿಗೆ ಸಂಕಷ್ಟಿಯ ನೆಪ ಹೇಳುವ ಗೆಳೆಯರಿರಲಿಲ್ಲ.

ಇಷ್ಟು ದೂರಿದ ಮೇಲೂ ಒಪ್ಪಬೇಕಾದ ಸಂಗತಿಯೊಂದಿದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಅಸೋಗದ ಬಂಡೆಗಳ ನಡುವೆ ಯಾವ ತಿಂಗಳು ಎಷ್ಟು ಇಳಿಯುತ್ತದೆ, ಯಾವ ಕೆರೆಗೆ ಹೂಳು ತುಂಬಿದೆ, ಯಾವುದರ ಕೋಡಿಯ ಮೇಲೆ ಮನೆ ಎದ್ದಿದೆ, 2019ರ ಆಗಸ್ಟ್ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದೆಲ್ಲ ಈತನಿಗೆ ಬಾಯಿಪಾಠವಾಗಿದ್ದು, ಹೋಗದ ಕೆರೆಗಳ ಲೆಕ್ಕವನ್ನು ಇಷ್ಟು ಪ್ರೀತಿಯಿಂದ ಇಟ್ಟವರು ಊರಿನಲ್ಲಿ ಬೇರೆ ಕಾಣಸಿಗುವುದಿಲ್ಲ. ಮಾವನ ಊರಿನ ಕೆರೆಯಲ್ಲಿ ಬಿದಿರ ಕೋಲು ಹಿಡಿದು ಕುಳಿತಿದ್ದ ಹುಡುಗನ ಮಾತು ಬಂದಾಗ ಈತನ ದನಿ ತಗ್ಗುತ್ತದೆ. ಆ ಮಾವ ಈಗಿಲ್ಲ, ಆ ಕೆರೆಯಲ್ಲಿ ಅರ್ಧ ಜೊಂಡು. ಅದನ್ನು ಹೇಳಿ ಮುಗಿಸಿದೊಡನೆ, ಕೇಳುವವನಿಗೆ ಸಮಾಧಾನದ ಮಾತು ಹೊಳೆಯುವ ಮೊದಲೇ, ಹೊಸ ತಾರೀಖಿನ ಪ್ರಸ್ತಾಪ ಬಂದಿರುತ್ತದೆ.

ಇಂಥವರಿಂದ ಕರೆ ಬಂದಲ್ಲಿ ಓದುಗರು ಸಂತೋಷದಿಂದ ಒಪ್ಪಿಕೊಳ್ಳಬೇಕು, ಚಹಾ ಕುಡಿಯಬೇಕು, ಬೆಂಡಿನ ವಿಷಯದಲ್ಲಿ ಯಾವ ಪಕ್ಷವನ್ನೂ ಸೇರಬಾರದು. ರಾತ್ರಿಯ ಅಡುಗೆಗೆ ಮಾತ್ರ ಬೆಳಿಗ್ಗೆಯೇ ಬೆಳಗಾವಿಯ ಕ್ಯಾಂಪ್ ಪ್ರದೇಶದ ಮೀನು ಮಾರುಕಟ್ಟೆಗೆ ಹೋಗಿ ಬರುವುದು ಕ್ಷೇಮ.