ಗ್ರಹಚಾರ ಭಾವ

ಮಲೆನಾಡಿನ ಪ್ರತಿ ಹೋಬಳಿಗೂ ಒಬ್ಬ ತೇಜಸ್ವಿ ಇರತಕ್ಕದ್ದು ಎಂದು ಯಾರು ಠರಾವು ಮಾಡಿದರೋ ಗೊತ್ತಿಲ್ಲ. 2007ರ ಏಪ್ರಿಲ್‌ನಲ್ಲಿ ಮೂಡಿಗೆರೆಯ ಸಾಹಿತಿ, ಅಸಲಿ ತೇಜಸ್ವಿ ತೀರಿಕೊಂಡ ಮೇಲಂತೂ ಆ ಹುದ್ದೆಗೆ ಅರ್ಜಿ ಹಾಕಿಕೊಂಡವರು ಊರೂರಲ್ಲಿ ಸಿಗುತ್ತಾರೆ. ಬೇಕಾದ ಅರ್ಹತೆ ಇಷ್ಟೇ: ಗಡ್ಡ, ಕೆಮ್ಮುವ ಜೀಪು, ಕ್ಯಾಮರಾ, ಮೀನಿನ ಗಾಳ, ಮತ್ತೆ ಎದುರಿನವರು ಏನೇ ಹೇಳಲಿ, ‘ಅದು ಹಂಗಲ್ಲ ಮಾರಾಯ’ ಎಂದು ಶುರುಮಾಡುವ ಅಭ್ಯಾಸ.

ಕೊಪ್ಪದ ಭಾಗಕ್ಕೆ ಈ ಹುದ್ದೆ ನಮ್ಮ ಭಾವನದು. ಭಾವ ಎಂದರೆ ನನಗೊಬ್ಬನಿಗೇ ಅಲ್ಲ, ಅಡಿಕೆ ಮಂಡಿಯ ಹಮಾಲರಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವರು ಭಾವನೇ. ಸದಾ ಬೇರೆ ಗ್ರಹಗಳ ವಿಚಾರ ಮಾತಾಡುವುದರಿಂದ, ಮತ್ತು ಒಮ್ಮೆ ಸಿಕ್ಕಿದರೆ ಬಿಡದೇ ಇರುವುದರಿಂದ, ಊರು ಅವರಿಗೆ ಗ್ರಹಚಾರ ಭಾವ ಎಂದು ಹೆಸರಿಟ್ಟಿದೆ. ತೇಜಸ್ವಿಯವರ ಜೊತೆ ಅವರು ನೆಂಟಸ್ತಿಕೆಯನ್ನೂ ಹೊಂದಿಸಿಕೊಂಡಿದ್ದಾರೆ. ತೇಜಸ್ವಿಯ ಅಪ್ಪ ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅಮ್ಮನ ತವರಿನಲ್ಲಿ. ಅಂದಮೇಲೆ ತೇಜಸ್ವಿಗೆ ಅದು ಅಜ್ಜಿಯ ಊರು. ‘ಅಜ್ಜಿ ಕಡೆಯವರು ನಾವು. ನಮ್ಮ ಮಾತಿಗೆ ಒಂದು ತೂಕ ಇರ್ತದೆ.’

ಭಾವ ಓದುವುದು ವೈಜ್ಞಾನಿಕ ಕಾದಂಬರಿ ಮತ್ತು ಮಾಯಾಲೋಕದ ಕಥೆ. ಬೇರೆ ಯಾವುದೂ ಅಲ್ಲ. ಮನುಷ್ಯರ ಕಷ್ಟಸುಖದ ಕಥೆ ಬೇಕಾದರೆ ಸೊಸೈಟಿಯ ವಾರ್ಷಿಕ ಸಭೆಗೆ ಹೋದರೆ ಸಾಕು ಎಂಬುದು ಅವರ ನಿಲುವು. ಆಷಾಢ ಬಂತೆಂದರೆ ಮಲೆನಾಡಿನಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಅದಕ್ಕೆಂದು ಭಾವ ತಮ್ಮ ಗ್ರಂಥಾಲಯವನ್ನು ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಾರೆ. ಅಸಿಮೋವ್, ಕ್ಲಾರ್ಕ್, ರಾಜಶೇಖರ ಭೂಸನೂರಮಠ ಎಲ್ಲರೂ ಅಲ್ಲಿ ಬಾಳೆಗೊನೆಯ ಪಕ್ಕದಲ್ಲಿ ಹೊಗೆ ಕುಡಿಯುತ್ತ ಮಳೆಗಾಲ ಕಳೆಯುತ್ತಾರೆ. ಅವರ ಹತ್ತಿರ ಎರವಲು ತಂದ ಪುಸ್ತಕವನ್ನು ಕತ್ತಲಲ್ಲೂ ಗುರುತಿಸಬಹುದು.

ಓದಿ ಮುಗಿಸಿದ ಪುಸ್ತಕಕ್ಕೆ ಅವರು ನಕ್ಷತ್ರ ಕೊಡುವುದಿಲ್ಲ, ಅಡಿಕೆಯ ದರ್ಜೆ ಕೊಡುತ್ತಾರೆ. ಮೇಲಿನದು ಸರಕು, ಆಮೇಲೆ ಬೆಟ್ಟೆ, ಆಮೇಲೆ ರಾಶಿ ಇಡಿ, ಕೊನೆಗೆ ಗೊರಬಲು. ಮುಖಪುಟದ ಒಳಗೆ ಪೆನ್ಸಿಲ್‌ನಲ್ಲಿ ಆ ದಿನದ ಪೇಟೆ ಧಾರಣೆಯನ್ನೂ ಬರೆದಿಡುವುದರಿಂದ ಯಾವ ಪುಸ್ತಕ ಯಾವಾಗ ಓದಿದ್ದೆಂದು ತಿಳಿಯಲು ಬೇರೆ ತಾರೀಖು ಬೇಡ.

ಫ್ರಾಂಕ್ ಹರ್ಬರ್ಟ್‌ನ ‘ಡ್ಯೂನ್’ 1965ರ ಕಾದಂಬರಿ. 2021 ಮತ್ತು 2024ರಲ್ಲಿ ಅದರ ಸಿನಿಮಾ ಬಂದ ಮೇಲೆ ಮಗಳು ಬೆಂಗಳೂರಿನಿಂದ ಪುಸ್ತಕ ಕಳಿಸಿದಳು. ಒಂದು ಮರುಭೂಮಿ ಗ್ರಹ, ಅಲ್ಲಿ ಮಾತ್ರ ಸಿಗುವ ಒಂದು ಮಸಾಲೆ. ತಿಂದವರ ಆಯಸ್ಸು ಹೆಚ್ಚುತ್ತದೆ, ನಕ್ಷತ್ರಗಳ ನಡುವೆ ಹಡಗು ನಡೆಸುವವರಿಗೆ ದಾರಿ ಕಾಣುತ್ತದೆ. ಅದಕ್ಕಾಗಿ ರಾಜಮನೆತನಗಳ ನಡುವೆ ಯುದ್ಧ. ಇಡೀ ಲೋಕ ಈ ಕಲ್ಪನೆಗೆ ಬೆರಗಾಗಿದ್ದರೆ ಭಾವ ಆಕಳಿಸಿದರು. ‘ಇದರಲ್ಲಿ ಕಲ್ಪನೆ ಎಲ್ಲಿ ಬಂತು? ನಮ್ಮ ಗೇರುಸೊಪ್ಪೆ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಿದ್ರು. ಮೆಣಸಿಗೆ ಹೊಡೆದಾಟ ಆಗಿ ನಾನ್ನೂರು ವರ್ಷ ದಾಟಿತು. ಗಣೇಶಯ್ಯ ಅದನ್ನೇ ‘ಬಳ್ಳಿಕಾಳ ಬೆಳ್ಳಿ’ ಅಂತ ಕಾದಂಬರಿ ಬರ್ದಾಯ್ತು. ಅಲ್ಲೂ ಹಂಗೇ, ಇಲ್ಲೂ ಹಂಗೇ, ಮಸಾಲೆ ಇರೋ ನೆಲದವನಿಗೆ ಕಾಸಿಲ್ಲ, ಸಾಗಿಸೋನಿಗೆ ಲಾಭ.’ ಮತ್ತೊಂದು ತಕರಾರೂ ಇತ್ತು. ಅಷ್ಟು ದಪ್ಪ ಪುಸ್ತಕದಲ್ಲಿ ಮಸಾಲೆಗೆ ಒಂದು ಸೊರಗು ರೋಗ ಕೂಡ ಬರುವುದಿಲ್ಲ. ‘ರೋಗ ಇಲ್ಲದ ಬೆಳೆ ಬರ್ದವನು ತೋಟ ನೋಡಿದವನಲ್ಲ.’ ದರ್ಜೆ: ರಾಶಿ ಇಡಿ.

ಆಂಡಿ ವೀರ್‌ನ ‘ದಿ ಮಾರ್ಷಿಯನ್’ ಮೇಲೆ ಅವರಿಗೆ ಹೆಚ್ಚು ಪ್ರೀತಿ. ಮಂಗಳ ಗ್ರಹದಲ್ಲಿ ಒಬ್ಬಂಟಿಯಾಗಿ ಉಳಿದವನು ತನ್ನದೇ ಮಲವನ್ನು ಗೊಬ್ಬರ ಮಾಡಿ ಆಲೂಗಡ್ಡೆ ಬೆಳೆದುಕೊಳ್ಳುವ ಕಥೆ ಅದು. ಗೊಬ್ಬರದ ವಿಚಾರದಲ್ಲಿ ಲೇಖಕ ನಾಚಿಕೆ ಪಟ್ಟಿಲ್ಲ ಎಂದು ಭಾವ ಮೆಚ್ಚಿದರು. ಆದರೆ ನಾಸಾದ ಫೀನಿಕ್ಸ್ ನೌಕೆ ಮಂಗಳನ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ವಿಷದ ಲವಣವನ್ನು 2008ರಲ್ಲೇ ಪತ್ತೆಮಾಡಿತ್ತು. ಕಾದಂಬರಿ ಅದಾದ ಮೇಲಿನದು. ‘ಮಣ್ಣು ಪರೀಕ್ಷೆ ಮಾಡಿಸದೆ ಆಲೂಗಡ್ಡೆ ಹಾಕಿದ್ದಾನೆ ಮಾರಾಯ! ಅಮೆರಿಕದವನು ಅಂತ ಬಿಟ್ಟುಬಿಡೂದಾ?’ ಆದರೂ ಬೆಟ್ಟೆ.

ಚೀನಾದ ಲಿಯು ಸಿಶಿನ್ ಬರೆದ ‘ದಿ ತ್ರೀ ಬಾಡಿ ಪ್ರಾಬ್ಲಮ್’ 2015ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆದ ಕಾದಂಬರಿ. ಬೇರೆ ನಕ್ಷತ್ರದವರು ಭೂಮಿಯನ್ನು ಹಿಡಿಯಲು ಹೊರಟಿದ್ದಾರೆ, ತಲುಪಲು ನಾಲ್ಕು ಶತಮಾನಕ್ಕೂ ಹೆಚ್ಚು ಬೇಕು. ಭಾವ ಅರ್ಧಕ್ಕೇ ಮುಚ್ಚಿಟ್ಟರು. ‘ನಾನ್ನೂರು ವರ್ಷ ಆದ್ಮೇಲೆ ಬರೋರಿಗೆ ಈಗ ಯಾಕೆ ಹೆದರಬೇಕು? ಹಳದಿ ಎಲೆ ರೋಗ ಆಗಲೇ ತೋಟದೊಳಗೆ ಬಂದು ಕೂತಿದೆ. ಶೃಂಗೇರಿ ಕಡೆ ತೋಟಕ್ಕೆ ತೋಟವೇ ಹೋಯ್ತು, ಔಷಧಿ ಇವತ್ತಿಗೂ ಇಲ್ಲ.’ ಇಲ್ಲಿ ಮಾತ್ರ ಭಾವ ಅನ್ಯಾಯ ಮಾಡಿದರೆಂದೇ ನನ್ನ ಅಭಿಪ್ರಾಯ. ಮುಳುಗುವುದು ಮರಿಮಕ್ಕಳ ಕಾಲಕ್ಕೆ ಎಂದು ಗೊತ್ತಾದಾಗ ಮನುಷ್ಯರು ಹೇಗೆ ಮೈಗಳ್ಳರಾಗುತ್ತಾರೆ, ಹೇಗೆ ಪರಸ್ಪರ ದೂರುತ್ತ ಕೂರುತ್ತಾರೆ ಎಂಬುದೇ ಆ ಪುಸ್ತಕದ ಜೀವಾಳ. ಹಳದಿ ಎಲೆ ರೋಗ ಮೊದಲು ಪಕ್ಕದ ಊರಿಗೆ ಬಂದಾಗ ನಮ್ಮವರು ಮಾಡಿದ್ದೂ ಅದನ್ನೇ. ಇದನ್ನು ಭಾವನಿಗೆ ಹೇಳಿದೆ. ‘ಅದು ಹಂಗಲ್ಲ ಮಾರಾಯ’ ಎಂದರು.

ಮಾಯಾಲೋಕದ ಕಥೆಗಳಿಗೆ ಅವರು ಇಡುವ ಪರೀಕ್ಷೆ ಒಂದೇ: ಕಾಡಿನಲ್ಲಿ ಉಂಬಳ ಇದೆಯೋ ಇಲ್ಲವೋ. ಡ್ರ್ಯಾಗನ್ ಬರಲಿ, ಮರ ನಡೆಯಲಿ, ಸತ್ತವರು ಎದ್ದು ಬರಲಿ, ಭಾವನ ಅಭ್ಯಂತರ ಇಲ್ಲ. ಆದರೆ ಟೋಲ್ಕಿನ್‌ನ ಹಾಬಿಟ್‌ಗಳು ಬರಿಗಾಲಿನಲ್ಲಿ ಕಾಡಿಗೆ ಕಾಡೇ ದಾಟುತ್ತವೆ, ಒಂದಕ್ಕೂ ಉಂಬಳ ಹತ್ತುವುದಿಲ್ಲ! ಅವು ಪೈಪು ಸೇದುವ ಜಾತಿ ಬೇರೆ. ‘ಹೊಗೆಸೊಪ್ಪು ಜೇಬಲ್ಲೇ ಇದೆ. ಅದನ್ನ ನೆನೆಸಿ ಕಾಲಿಗೆ ಹಚ್ಚಬೇಕು ಅನ್ನೋದು ಆ ಮಂತ್ರವಾದಿ ಅಜ್ಜನಿಗೂ ಗೊತ್ತಿಲ್ಲ.’ ಒಂದು ಜೌಗು ಪ್ರದೇಶದಲ್ಲಿ ಟೋಲ್ಕಿನ್ ನುಸಿ ಕಾಟ ಬರೆದಿದ್ದಾನೆ. ಅದೊಂದಕ್ಕೆ ಪುಸ್ತಕ ಗೊರಬಲಿನಿಂದ ರಾಶಿಗೆ ಏರಿತು. ಜಾರ್ಜ್ ಮಾರ್ಟಿನ್‌ನ ಸರಣಿಯ ಐದನೆಯ ಸಂಪುಟ 2011ರಲ್ಲಿ ಬಂತು, ಆರನೆಯದಕ್ಕೆ ಜಗತ್ತು ಇನ್ನೂ ಕಾಯುತ್ತಿದೆ. ಆ ವರ್ಷ ಭಾವ ನೆಟ್ಟ ಅಡಿಕೆ ಸಸಿ ಬೆಳೆದು, ಫಸಲು ಕೊಟ್ಟು, ರೋಗ ಹಿಡಿದು, ಕಡಿದು ಸೌದೆ ಆದದ್ದೂ ಆಯಿತು.

ಕನ್ನಡದವರ ವಿಚಾರಕ್ಕೆ ಬಂದರೆ ಭಾವ ಸ್ವಲ್ಪ ಮೆತ್ತಗಾಗುತ್ತಾರೆ. ಗಣೇಶಯ್ಯ ಕಾದಂಬರಿಗೆ ಆಧಾರಗಳ ಪಟ್ಟಿ ಕೊಡುವುದು ಅವರಿಗೆ ಬಲು ಇಷ್ಟ: ‘ಸುಳ್ಳು ಹೇಳೋನು ರಸೀದಿ ಕೊಡ್ತಾನಾ?’ ತೇಜಸ್ವಿಯ ‘ಕರ್ವಾಲೊ’ ಮಾತ್ರ ಯಾವ ದರ್ಜೆಗೂ ಸೇರುವುದಿಲ್ಲ. 1980ರಲ್ಲಿ ಬಂದ ಆ ಪುಸ್ತಕದಲ್ಲಿ ಜೇನು ಹಿಡಿಯುವ ಮಂದಣ್ಣನ ಜೊತೆ ವಿಜ್ಞಾನಿಯೊಬ್ಬ ಹಾರುವ ಓತಿಯನ್ನು ಹುಡುಕಿ ಹೊರಡುತ್ತಾನೆ; ರಾಕೆಟ್ಟೂ ಇಲ್ಲ, ರೋಬಾಟೂ ಇಲ್ಲ, ಕೋಟ್ಯಂತರ ವರ್ಷಗಳ ಕಾಲ ಮಾತ್ರ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ಹಾರುವ ಓತಿ ಭಾವನ ತೋಟದಲ್ಲೂ ಇದೆ, ಅಡಿಕೆ ಮರದ ತೊಗಟೆಯ ಬಣ್ಣಕ್ಕೆ ಬಣ್ಣವಾಗಿ ಅಂಟಿಕೊಂಡಿರುತ್ತದೆ. ಮನೆಗೆ ಬಂದವರನ್ನೆಲ್ಲ ಅದನ್ನು ತೋರಿಸಲು ಕರೆದೊಯ್ಯುತ್ತಾರೆ. ಓತಿ ಕಂಡವರು ಕಡಿಮೆ, ಉಂಬಳ ಕಂಡವರು ಬಹಳ.

ಇಂಥ ಭಾವನಿಗೆ ಇಬ್ಬರು ಎದುರಾಳಿಗಳು. ಒಬ್ಬರು ಶೃಂಗೇರಿ ಕಡೆಯ ಶಾಸ್ತ್ರಿಗಳು. ಅವರು ಈ ಪುಸ್ತಕಗಳಲ್ಲಿ ಒಂದನ್ನೂ ಓದಿಲ್ಲ, ಓದುವ ಅಗತ್ಯವೂ ಇಲ್ಲ, ಯಾಕೆಂದರೆ ಎಲ್ಲವೂ ಮೊದಲೇ ನಮ್ಮಲ್ಲಿತ್ತು. ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಕಂಬಗಳನ್ನು ತೋರಿಸಿ, ಸೂರ್ಯನ ಬಿಸಿಲು ತಿಂಗಳಿಗೊಂದು ಕಂಬ ಹುಡುಕಿಕೊಂಡು ಬರುತ್ತದೆಂದು ವಿವರಿಸಿ, ಹಾಗೇ ಕಿಗ್ಗದ ಋಷ್ಯಶೃಂಗನಿಗೆ ದಾಟುತ್ತಾರೆ: ತಲೆಯಲ್ಲಿ ಕೊಂಬು, ಕಾಲಿಟ್ಟಲ್ಲಿ ಮಳೆ, ಇದಕ್ಕಿಂತ ದೊಡ್ಡ ಸೂಪರ್‌ಹೀರೊ ಯಾರು? (ಮಳೆ ಹೆಚ್ಚಾದರೆ ನಿಲ್ಲಿಸಲಿಕ್ಕೂ ಅದೇ ಕಿಗ್ಗಕ್ಕೆ ಹೋಗಿ ಬೇಡಿಕೊಳ್ಳುತ್ತೇವೆ. ಹಾಲಿವುಡ್‌ನವರಲ್ಲಿ ಈ ಎರಡೂ ಸೌಲಭ್ಯ ಇರುವ ನಾಯಕನನ್ನು ನಾನು ಕಂಡಿಲ್ಲ.) 2014ರ ‘ಇಂಟರ್‌ಸ್ಟೆಲ್ಲಾರ್’ ಸಿನಿಮಾದಲ್ಲಿ ಒಂದು ಗ್ರಹದ ಮೇಲಿನ ಒಂದು ಗಂಟೆಗೆ ಭೂಮಿಯ ಮೇಲೆ 7 ವರ್ಷ ಕಳೆಯುತ್ತದೆಂದು ಭಾವ ಹೇಳಿದ್ದೇ ತಡ, ಶಾಸ್ತ್ರಿಗಳು ಭಾಗವತ ತೆಗೆದರು. ಮಗಳು ರೇವತಿಗೆ ಗಂಡು ಕೇಳಲು ಕಕುದ್ಮಿ ರಾಜ ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೆಯುತ್ತಿತ್ತು, ಸ್ವಲ್ಪ ಹೊತ್ತು ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು.

‘ಏಳು ವರ್ಷ ಎಲ್ಲಿ, ಇಪ್ಪತ್ತೇಳು ಚತುರ್ಯುಗ ಎಲ್ಲಿ!’ ಎಂದು ಶಾಸ್ತ್ರಿಗಳು ಕಾಫಿ ಲೋಟ ಕುಕ್ಕಿದರು.

ಭಾವ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: ‘ಅದೆಲ್ಲ ಸರಿ ಶಾಸ್ತ್ರಿಗಳೇ. ಅವನು ವಾಪಸ್ ಬಂದಾಗ ಪಹಣಿ ಯಾರ ಹೆಸರಲ್ಲಿತ್ತು?’

ಇನ್ನೊಬ್ಬರು ನರಸಿಂಹರಾಜಪುರದ ನಿವೃತ್ತ ಮೇಷ್ಟ್ರು. ಇವರದು ಕಾಮಿಕ್ಸ್ ಶಾಖೆ. ಟ್ರಂಕಿನ ತುಂಬ ಇಂದ್ರಜಾಲ ಕಾಮಿಕ್ಸ್, ಚಂದಮಾಮ. ಒಳಗೆ ನುಸಿಗುಳಿಗೆ, ಹೊರಗೆ ಬೀಗ, ಕೀಲಿ ಜನಿವಾರದಲ್ಲಿ. ಅಮರ ಚಿತ್ರ ಕಥೆ ಎಲ್ಲಕ್ಕಿಂತ ಮೊದಲು ಬಂದದ್ದು ಬೆಂಗಳೂರಿನಲ್ಲಿ, ಅದೂ ಕನ್ನಡದಲ್ಲಿ, ಮೊದಲ ಹತ್ತು ಪುಸ್ತಕ ಸಿಂಡ್ರೆಲಾ ಮುಂತಾದ ಪರದೇಶದ ಕಥೆ, ಅದಕ್ಕೇ ‘ಕೃಷ್ಣ’ನ ಸಂಖ್ಯೆ 11 ಎಂಬುದನ್ನು ಅವರು ಮದುವೆ ಮನೆಯ ಪಂಕ್ತಿಯಲ್ಲೂ ಹೇಳುತ್ತಾರೆ. ಅದರ ಸಂಪಾದಕ ಅನಂತ ಪೈ ಹುಟ್ಟಿದ್ದು ಘಟ್ಟ ಇಳಿದರೆ ಸಿಗುವ ಕಾರ್ಕಳದಲ್ಲಿ ಎಂಬುದನ್ನು ಪಾಯಸ ಬಂದಾಗ. ಪಕ್ಕದ ರಬ್ಬರ್ ತೋಟದ ಕೇರಳದವರ ಮನೆಯಲ್ಲಿ ಮಲಯಾಳದ ‘ಬಾಲರಮ’ ನೋಡಿ ನೋಡಿ, ಭಾಷೆ ಬಾರದಿದ್ದರೂ ಮಾಯಾವಿಯ ಅಭಿಮಾನಿ ಆಗಿದ್ದಾರೆ. ಈಚೆಗೆ ಮೊಮ್ಮಗ ಜಪಾನಿನ ‘ಒನ್ ಪೀಸ್’ ತಂದುಕೊಟ್ಟ. 1997ರಲ್ಲಿ ಶುರುವಾಗಿ ನೂರು ಸಂಪುಟ ದಾಟಿದ ಕಥೆ ಅದು. ಜಪಾನಿನ ಕಾಮಿಕ್ಸನ್ನು ಬಲದಿಂದ ಎಡಕ್ಕೆ ಓದಬೇಕೆಂದು ಮೇಷ್ಟ್ರಿಗೆ ಯಾರೂ ಹೇಳಲಿಲ್ಲ. ಎರಡು ಸಂಪುಟ ಹಿಂದುಮುಂದಾಗಿ ಓದಿ ಮುಗಿಸಿ, ‘ಪೆಟ್ಟು ತಿಂದಮೇಲೆ ಜಗಳಕ್ಕೆ ಕಾರಣ ಹುಡುಕ್ತಾರೆ. ಭಾರಿ ಹೊಸ ತಂತ್ರ!’ ಎಂದು ತೀರ್ಪು ಕೊಟ್ಟರು. ನಿಜ ತಿಳಿದ ಮೇಲೂ ತೀರ್ಪು ಬದಲಾಯಿಸಲಿಲ್ಲ.

ಭಾವನ ತೋಟಕ್ಕೆ ಹೋದ ಮಳೆಗಾಲದಲ್ಲಿ ಡ್ರೋನ್ ಬಂತು. ಯಾವುದೋ ಕಂಪನಿಯ ಹುಡುಗರು, ಅಡಿಕೆಗೆ ಔಷಧಿ ಸಿಂಪಡಿಸುವ ಪ್ರಾತ್ಯಕ್ಷಿಕೆ. ಗೆಲಾಕ್ಸಿ ದಾಟುವ ಹಡಗನ್ನು ನಂಬುವ ಮನುಷ್ಯ, ಸಂತೋಷದಿಂದ ಕುಣಿಯಬಹುದೆಂದು ಊರೇ ನೋಡಲು ನೆರೆದಿತ್ತು. ಭಾವ ಛತ್ರಿ ಹಿಡಿದು ನಿಂತು ಪೂರ್ತಿ ನೋಡಿದರು. ಆಮೇಲೆ ಆ ಹುಡುಗರನ್ನು ಕೇಳಿದರು: ‘ನಿಮ್ಮ ಯಂತ್ರ ಮೇಲಿಂದ ಹೊಡೀತದೆ. ಗೊನೆ ಇರೋದು ಸೋಗೆ ಕೆಳಗೆ. ಔಷಧಿ ಬೀಳೋದು ಎಲ್ಲಿಗೆ?’ ಹುಡುಗರು ಮುಖ ಮುಖ ನೋಡಿಕೊಂಡರು. ‘ಇದಕ್ಕೆ ಫ್ಯಾಂಟಸಿ ಅಂತಾರೆ’ ಎಂದು ಭಾವ ಮನೆಯೊಳಗೆ ನಡೆದರು.

ಅವರ ಮಟ್ಟಿಗೆ ನಿಜವಾದ ವೈಜ್ಞಾನಿಕ ಕಥೆಯ ನಾಯಕ ಲೆಸ್ಲಿ ಕೋಲ್‌ಮನ್. ಕೆನಡಾದವನು, ಹಿಮದ ದೇಶದಿಂದ ಮೈಸೂರು ಸಂಸ್ಥಾನಕ್ಕೆ ಬಂದು, ನೂರು ವರ್ಷಕ್ಕೂ ಹಿಂದೆ ಮಲೆನಾಡಿನ ಮಳೆಯಲ್ಲಿ ನೆನೆದು, ಅಡಿಕೆಯ ಕೊಳೆರೋಗದ ಬುಡ ಹಿಡಿದವನು. ಮೈಲುತುತ್ತ, ಸುಣ್ಣ ಸೇರಿಸಿದ ನೀಲಿ ಬೋರ್ಡೋ ದ್ರಾವಣವನ್ನು ನಮ್ಮ ಹಿರಿಯರ ಕೈಗೆ ಕೊಟ್ಟವನು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನೆ ಶುರುವಾದದ್ದೂ ಅವನಿಂದಲೇ. ‘ಬೇರೆ ಲೋಕದಿಂದ ಒಬ್ಬ ಬರ್ತಾನೆ, ನೀಲಿ ನೀರಿನಿಂದ ಊರು ಉಳಿಸ್ತಾನೆ, ಹೊರಟು ಹೋಗ್ತಾನೆ. ಇದನ್ನ ಯಾರೂ ಬರೀಲಿಲ್ಲ, ಎಂತದೋ ಹಲ್ಲಿ ಮುಖದವರನ್ನ ಬರೀತಾರೆ.’ ಹೀಗೆ ಹೇಳುವಾಗ ಭಾವನ ದನಿಯಲ್ಲಿ ತಮಾಷೆ ಇರುವುದಿಲ್ಲ. ನನಗೂ ಅವರ ಮಾತು ಸರಿ ಎನಿಸುತ್ತದೆ.

ಯಾರೂ ಬರೆಯದ್ದರಿಂದ ಈಗ ಅವರೇ ಬರೆಯತೊಡಗಿದ್ದಾರೆ. ಒಂದು ಹೊಸ ಗ್ರಹದಲ್ಲಿ ಮನುಷ್ಯರು ನೆಲೆಯೂರುವ ಕಾದಂಬರಿ. ನಾಲ್ಕು ಅಧ್ಯಾಯ ಆಗಿದೆ. ಮೊದಲನೆಯದು ಮಣ್ಣು ಪರೀಕ್ಷೆ. ಎರಡನೆಯದು ಮಳೆಯ ಲೆಕ್ಕ. ಮೂರು ಮತ್ತು ನಾಲ್ಕು ಬಸಿಗಾಲುವೆ. ನಾಯಕ ಇನ್ನೂ ಬಂದಿಲ್ಲ. ಯಾಕೆ ಎಂದು ಕೇಳಿದರೆ, ಆ ಗ್ರಹದಲ್ಲೂ ಕೆಲಸಕ್ಕೆ ಜನ ಸಿಗುತ್ತಿಲ್ಲವಂತೆ.

ಹಸ್ತಪ್ರತಿ ನೋಡಬೇಕೆನ್ನುವ ಪ್ರಕಾಶಕರು ದಯವಿಟ್ಟು ಮಳೆಗಾಲದಲ್ಲಿ ಬರಬೇಡಿ, ಔಷಧಿ ಹೊಡೆಯುವ ಹೊತ್ತು. ಚಳಿಗಾಲದಲ್ಲೂ ಬೇಡ, ಕೊಯ್ಲು. ಏಪ್ರಿಲ್ ಒಳ್ಳೆಯದು. ಬರುವಾಗ ಮರ ಹತ್ತಲು ಬಲ್ಲವರು ಇಬ್ಬರನ್ನು ಕರೆತಂದರೆ ಕಾದಂಬರಿ ಬೇಗ ಮುಗಿದೀತು.