ಹೆಣದ ಕಣ್ಣಲ್ಲಿ ಟೆಸ್ಟ್ ಶೂಟ್

ಸ್ಟೂಡೆಂಟ್ ಥ್ರಿಲ್ಲರ್‌ಗಳಲ್ಲಿ ಕೊಲೆ ನಡೆಯುವುದು ರಾತ್ರಿಯೇ. ಹಗಲು ಎಲ್ಲರಿಗೂ ಇಂಟರ್ನಲ್ಸ್ ಇರುತ್ತವಲ್ಲ! ಅಕ್ಕನ ಮಗನ ಸಿನಿಮಾದ ಟೆಸ್ಟ್ ಶೂಟ್‌ಗೆ ಹೆಣದ ಪಾತ್ರ ನನ್ನದು. ಡೈಲಾಗ್ ಇಲ್ಲ, ಬರೀ ಮಲಗುವುದು. ನನ್ನ ಪ್ರತಿಭೆಗೆ ತಕ್ಕದ್ದೇ.

ನಿಜವಾದ ಭಯ ಬರಲೆಂದು ಹುಡುಗರು ದೀಪವೆಲ್ಲ ಆರಿಸಿದರು. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಕೊಲೆಗಾರನೂ ಇಲ್ಲ, ಹೆಣವೂ ಇಲ್ಲ. ಕ್ಯಾಮೆರಾದ ಐಎಸ್‌ಒ ಏರಿಸಿದರೆ ಪರದೆ ತುಂಬ ಚಿರೋಟಿ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಸಿನಿಮಾದ ಕತ್ತಲೆಗೂ ದೀಪ ಬೇಕು: ನಟನ ಹಿಂದೆ ಓರೆಯಾಗಿ ಒಂದಿಟ್ಟರೆ ಭುಜದ ಅಂಚು ಹೊಳೆದು, ಉಳಿದದ್ದು ತಾನೇ ಕಪ್ಪಾಗುತ್ತದೆ. ದೀಪ ಹಾಕಿದರೆ ಗೋಡೆಯ ಮೇಲೆ ಪಟ್ಟೆಗಳ ಮೆರವಣಿಗೆ! ನಮ್ಮ ಕರೆಂಟು 50 ಹರ್ಟ್ಜ್‌ನದು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರನ್ನು 1/60ರಿಂದ 1/50ಕ್ಕೆ ತಂದ ಮೇಲೆ ಪಟ್ಟೆ ಮಾಯ.

1960ರ ‘ಸೈಕೋ’ದಲ್ಲಿ ಹಿಚ್‌ಕಾಕ್ ರಕ್ತಕ್ಕೆ ಚಾಕಲೇಟ್ ಸಿರಪ್ ಬಳಸಿದ್ದ. ಅದು ಕಪ್ಪು-ಬಿಳುಪು ಚಿತ್ರ, ನಡೆಯಿತು. ನಮ್ಮ ಹುಡುಗರೂ ಅದನ್ನೇ ನನ್ನ ಮೇಲೆ ಸುರಿದರು; ಕಲರಿನಲ್ಲಿ ನಾನು ಐಸ್‌ಕ್ರೀಂ ತಿಂದು ಸತ್ತವನಂತೆ ಕಂಡೆ. ಇರುವೆಗಳು ಬೇರೆ.

“ಮಾಮ, ಉಸಿರಾಡ್ಬೇಡಿ, ಹೊಟ್ಟೆ ಏಳ್ತಿದೆ!”

ಮೈಕಿಗೆ ಫ್ರಿಜ್ಜಿನ ಗುಂಯ್ ಸದ್ದು ಬೀಳಬಾರದೆಂದು ಅದನ್ನೂ ಆಫ್ ಮಾಡಿದರು. ಮತ್ತೆ ಹಾಕಲು ಮರೆಯದಂತೆ ಬೈಕಿನ ಕೀಯನ್ನು ಅದರೊಳಗೇ ಇಡುವುದು ಸೌಂಡಿನವರ ಹಳೆಯ ಉಪಾಯವಂತೆ. ಇಡೀ ರಾತ್ರಿಯಲ್ಲಿ ಕಂಡ ಅಪ್ಪಟ ಬುದ್ಧಿವಂತಿಕೆ ಅದೊಂದೇ.

ನಿಮ್ಮ ಮನೆಗೂ ಥ್ರಿಲ್ಲರ್ ಹುಡುಗರು ಬಂದರೆ, ಕೊಲೆಗಾರನ ಪಾತ್ರವನ್ನೇ ಕೇಳಿ. ಅವನಿಗೆ ಸೊಳ್ಳೆ ಹೊಡೆಯುವ ಸ್ವಾತಂತ್ರ್ಯವಾದರೂ ಇರುತ್ತದೆ.